ಕ್ರೀಕ್ ಜನರ ಜತೆ ಅಮೆರಿಕದ ಮೊದಲ ಶಾಂತಿ ಒಪ್ಪಂದಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವತಂತ್ರವಾದ ಹೊಸತರಲ್ಲಿ ಅಮೆರಿಕ ತನ್ನ ದಕ್ಷಿಣದ ಗಡಿಯಲ್ಲಿ ಕ್ರೀಕ್ ಜನರ ಜತೆ ನಡೆಸಿದ ಸಂಧಾನಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. 1783ರಿಂದ 1814ರವರೆಗಿನ ಕಾಲ ಮುಖ್ಯ. 1790ರ ನ್ಯೂಯಾರ್ಕ್ ಒಪ್ಪಂದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ, ಏಕೆಂದರೆ ಮುಂದೆ ಕೆಟ್ಟ ಪ್ರತಿಯೊಂದು ಸಂಗತಿಯ ಬೇರೂ ಅದರ ಕಲಂಗಳಲ್ಲೋ ಅವು ಜಾರಿಯಾಗದೆ ಉಳಿದದ್ದರಲ್ಲೋ ಸಿಗುತ್ತದೆ.

ಕ್ರೀಕ್ ಜನ ಯಾರು? ಅವರ ನಾಡು ಎಲ್ಲಿತ್ತು?

ಅವರು ತಮ್ಮನ್ನು ಕರೆದುಕೊಳ್ಳುವುದು ಮಸ್ಕೋಗಿ ಎಂದು. ಇಂದಿನ ಜಾರ್ಜಿಯಾ ಮತ್ತು ಅಲಬಾಮಾ ರಾಜ್ಯಗಳ ಬಹುಭಾಗ ಅವರ ನೆಲವಾಗಿತ್ತು. ಇದು ಒಂದೇ ಬುಡಕಟ್ಟಲ್ಲ, ಹತ್ತಾರು ಊರುಗಳ ಒಕ್ಕೂಟ. ಮಸ್ಕೋಗಿ ಮಾತಾಡುವವರ ಜತೆಗೆ ಹಿಚಿಟಿ, ಯೂಚಿ, ಅಲಬಾಮಾ, ನ್ಯಾಚೆಜ್ ಜನರೂ ಇದರೊಳಗಿದ್ದರು. ಕೂಸಾ, ಟಾಲಪೂಸಾ ನದಿಗಳ ದಂಡೆಯವು ಮೇಲಿನ ಊರುಗಳು. ಚಾಟಹೂಚಿ, ಫ್ಲಿಂಟ್ ನದಿಗಳ ದಂಡೆಯವು ಕೆಳಗಿನ ಊರುಗಳು. 1790ರ ಹೊತ್ತಿಗೆ ಒಟ್ಟು ಜನಸಂಖ್ಯೆ 15,000ದಿಂದ 20,000 ಎಂದೂ, ಕಾದಾಡಬಲ್ಲ ಗಂಡಸರು 4,000ದಿಂದ 6,000 ಎಂದೂ ಅಂದಾಜುಗಳಿವೆ.

ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಅವರಲ್ಲಿ ಯಾರಿಗಿತ್ತು?

ಮಿಕ್ಕೆಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು. ಉತ್ತರ ಚಿಕ್ಕದು: ಒಬ್ಬನೇ ಒಬ್ಬನಿಗೆ ಆ ಅಧಿಕಾರ ಇರಲಿಲ್ಲ.

ಕ್ರೀಕ್ ಆಡಳಿತದ ಮೂಲ ಘಟಕ ಊರು, ಅವರ ಮಾತಿನಲ್ಲಿ ತಲ್ವಾ. ಪ್ರತಿ ಊರಿಗೂ ತನ್ನದೇ ಚೌಕ, ತನ್ನದೇ ಹೋಮಕುಂಡ, ತನ್ನದೇ ಮಿಕೊ. ಬಿಳಿಯರು ಮಿಕೊನನ್ನು ರಾಜ ಎಂದು ಬರೆದುಕೊಂಡರು. ಆದರೆ ಅವನು ಆಜ್ಞೆ ಕೊಡುವವನಲ್ಲ, ಹಿರಿಯರ ಮಾತು ಕೇಳಿ ಒಮ್ಮತ ತರುವವನು. ಯುದ್ಧದ ವಿಷಯ ತಸ್ತನಗ್ಗಿ ಎಂಬ ಬಿರುದಿನ ವೀರರಿಗೆ ಸೇರಿದ್ದು. ಊರುಗಳಲ್ಲೂ ಬಿಳಿ ಊರು, ಕೆಂಪು ಊರು ಎಂಬ ಎರಡು ಬಗೆಯಿತ್ತು. ಶಾಂತಿಯ ಮಾತು ಬಿಳಿ ಊರಿಂದ, ಯುದ್ಧದ ಮಾತು ಕೆಂಪು ಊರಿಂದ ಹೊರಡಬೇಕೆಂಬುದು ಹಳೆಯ ಕ್ರಮ. ಇದರ ಮೇಲೆ ತಾಯಿಯ ಕಡೆಯಿಂದ ಬರುವ ಬಳಿಗಳು, ಅಂದರೆ ಕುಲಗಳು, ಬೇರೆ: ಗಾಳಿಯ ಬಳಿ, ಕರಡಿಯ ಬಳಿ ಹೀಗೆ. ಹುಡುಗನೊಬ್ಬನ ಮೇಲೆ ಅಪ್ಪನಿಗಿಂತ ಸೋದರಮಾವನ ಮಾತು ಹೆಚ್ಚು ನಡೆಯುತ್ತಿತ್ತು. ಕೊಲೆಗೆ ಪರಿಹಾರ ಕೇಳುವುದೂ ಕೊಡುವುದೂ ಬಳಿಯ ಕೆಲಸ, ಊರಿನದಲ್ಲ.

ಬೇಟೆಯ ಕಾಡು ಎಲ್ಲ ಊರುಗಳಿಗೂ ಸೇರಿದ್ದು. ಹಾಗಾಗಿ ಎರಡು ಊರಿನ ಮಿಕೊಗಳು ಸಹಿ ಹಾಕಿ ಕೊಟ್ಟ ನೆಲವನ್ನು ಉಳಿದ ಊರುಗಳು ಕೊಟ್ಟಂತೆ ಎಣಿಸಲೇ ಇಲ್ಲ. ಅಮೆರಿಕದವರಿಗೆ ಇದು ತಿಳಿಯದ್ದೇನಲ್ಲ. ತಿಳಿದೂ, ತಮಗೆ ಅನುಕೂಲವಾದಾಗ ಮರೆತರು.

ಜಗಳ ಯಾವ ನೆಲಕ್ಕಾಗಿ?

ಮೊದಲಿಗೆ ಒಗೀಚಿ ಮತ್ತು ಒಕೋನಿ ನದಿಗಳ ನಡುವಿನ ಪಟ್ಟಿಗಾಗಿ. ಆಮೇಲೆ ಆಲ್ಟಮಹಾ ನದಿಯಿಂದ ದಕ್ಷಿಣಕ್ಕೆ ಸೇಂಟ್ ಮೇರೀಸ್ ನದಿಯವರೆಗಿನ, ಟಾಲಸೀ ಎನ್ನುವ ಸೀಮೆಗಾಗಿ. ಒಕೋನಿ ದಂಡೆ ಕ್ರೀಕ್ ಬೇಟೆಗಾರರಿಗೆ ಜಿಂಕೆಯ ಕಾಡು. ಜಿಂಕೆ ಚರ್ಮವೇ ಅವರಿಗೆ ಬಂದೂಕು, ಮದ್ದು, ಬಟ್ಟೆ, ಕೊಡಲಿ ತರುವ ಹಣ. ಜಾರ್ಜಿಯಾದ ವಲಸಿಗರಿಗೆ ಅದೇ ನೆಲ ಹೊಲ. ಜಾರ್ಜಿಯಾ ಕಾಯಲೂ ಇಲ್ಲ: 1784ರಲ್ಲೇ ಅಲ್ಲಿ ವಾಷಿಂಗ್ಟನ್, ಫ್ರಾಂಕ್ಲಿನ್ ಎಂಬ ಎರಡು ಕೌಂಟಿಗಳನ್ನು ರಚಿಸಿ ಜಮೀನು ಹಂಚಲು ಶುರುಮಾಡಿತು. ಇದಾದ ಮೇಲೆ ಯಾವ ಸಂಧಾನಕಾರನಿಗೂ ಆ ಪಟ್ಟಿಯನ್ನು ಹಿಂದಕ್ಕೆ ಕೊಡಿಸುವುದು ಸಾಧ್ಯವಿರಲಿಲ್ಲ.

ಜಾರ್ಜಿಯಾ ಮಾಡಿಕೊಂಡ ಮೂರು ಒಪ್ಪಂದಗಳನ್ನು ಕ್ರೀಕರು ಏಕೆ ಒಪ್ಪಲಿಲ್ಲ?

ಅವು 1783ರ ಆಗಸ್ಟಾ, 1785ರ ಗಾಲ್ಫಿನ್‌ಟನ್, 1786ರ ಷೋಲ್ಡರ್‌ಬೋನ್ ಒಪ್ಪಂದಗಳು. ಮೂರರಲ್ಲೂ ಮುಂದೆ ನಿಂತವರು ಟಾಲಸೀ ಎಂಬ ಊರಿನ ಹೊಬೊಯಿಥ್ಲೆ ಮಿಕೊ ಮತ್ತು ಕಸೀಟಾ ಊರಿನ ಎನಿಯಾ ಮಿಕೊ, ಅವರ ಹಿಂದೆ ಕೆಲವೇ ಊರುಗಳು.

ಗಾಲ್ಫಿನ್‌ಟನ್‌ನಲ್ಲಿ ನಡೆದದ್ದನ್ನು ನೋಡಿದರೆ ಮಿಕ್ಕದ್ದು ತಾನಾಗಿ ತಿಳಿಯುತ್ತದೆ. ಅಲ್ಲಿಗೆ ಕಾಂಗ್ರೆಸ್ ಕಳಿಸಿದ ಆಯುಕ್ತರೂ ಬಂದಿದ್ದರು. ಎರಡು ಊರಿನ ಮಿಕೊಗಳು ಮತ್ತು ಸುಮಾರು 60 ಯೋಧರು ಬಿಟ್ಟರೆ ಬೇರೆ ಯಾರೂ ಬರಲಿಲ್ಲ. ಇಷ್ಟು ಜನರ ಜತೆ ಇಡೀ ನಾಡಿನ ಪರವಾಗಿ ಒಪ್ಪಂದ ಮಾಡುವುದು ಸರಿಯಲ್ಲವೆಂದು ಆಯುಕ್ತರು ಎದ್ದು ಹೋದರು. ಅವರು ಹೋದದ್ದೇ ತಡ, ಜಾರ್ಜಿಯಾದ ಪ್ರತಿನಿಧಿಗಳು ಅದೇ ಜನರಿಂದ ಟಾಲಸೀ ಸೀಮೆಯನ್ನು ಬರೆಸಿಕೊಂಡರು. ಮರುವರ್ಷ ಷೋಲ್ಡರ್‌ಬೋನ್‌ನಲ್ಲಿ ಸುತ್ತ ಸಶಸ್ತ್ರ ಮಿಲಿಷಿಯಾ, ಅಂದರೆ ರಾಜ್ಯದ ನಾಗರಿಕ ಪಡೆ, ನಿಂತಿತ್ತು, ಕೊನೆಯಲ್ಲಿ ಕೆಲವು ಕ್ರೀಕರನ್ನು ಒತ್ತೆಯಾಳುಗಳಾಗಿ ಹಿಡಿದುಕೊಂಡು ಹೋದರು. ಒತ್ತೆ ಹಿಡಿದು ಪಡೆದ ಸಹಿಯನ್ನು ಶಾಂತಿ ಒಪ್ಪಂದ ಎಂದು ಕರೆಯಲು ನಮಗಂತೂ ಮನಸ್ಸು ಬಾರದು. ಅದರ ಫಲವಾಗಿ ಬಂದದ್ದು ಒಕೋನಿ ಗಡಿಯ ಉದ್ದಕ್ಕೂ ದಾಳಿ.

ಅಲೆಕ್ಸಾಂಡರ್ ಮೆಕ್‌ಗಿಲಿವ್ರೆ ಕ್ರೀಕರ ರಾಜನೇ?

ಅಲ್ಲ. ತಂದೆ ಸ್ಕಾಟ್ಲೆಂಡ್ ಮೂಲದ ವ್ಯಾಪಾರಿ ಲಾಕ್ಲನ್ ಮೆಕ್‌ಗಿಲಿವ್ರೆ, ತಾಯಿ ಗಾಳಿಯ ಬಳಿಯ ಸೆಹೋಯ್. ತಾಯಿಯ ಬಳಿ ಪ್ರಭಾವಿಯಾದ್ದರಿಂದ ಕ್ರೀಕರ ನಡುವೆ ಅವನು ಪೂರ್ತಿ ಕ್ರೀಕನೇ. ಇಂಗ್ಲಿಷ್ ಓದು ಬರಹ ಬಲ್ಲವನಾದ್ದರಿಂದ ಹೊರಗಿನವರ ಜತೆ ಪತ್ರ ವ್ಯವಹಾರ ಅವನ ಕೈಗೆ ಬಂತು. ಕ್ರಾಂತಿಯ ಕಾಲದಲ್ಲಿ ತಂದೆ ಬ್ರಿಟಿಷರ ಪರ ನಿಂತದ್ದಕ್ಕೆ ಜಾರ್ಜಿಯಾ ಆತನ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡಿತ್ತು. 1784ರ ಜೂನ್ 1ರಂದು ಸ್ಪೇನ್ ಹಿಡಿತದ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಅವನು ಸ್ಪೇನ್ ಜತೆ ಒಪ್ಪಂದ ಮಾಡಿಕೊಂಡ. ಸ್ಪೇನ್ ರಕ್ಷಣೆಯ ಮಾತು ಕೊಟ್ಟಿತು. ಪ್ಯಾಂಟನ್ ಲೆಸ್ಲಿ ಕಂಪನಿ ಮದ್ದುಗುಂಡು, ಸರಕು ಒದಗಿಸಿತು. ಅವನ ಬಲ ಇದ್ದದ್ದು ಈ ಸರಕಿನಲ್ಲಿ. ಯಾವ ಊರಿಗೆ ಮದ್ದು ಹೋಗಬೇಕೆಂಬುದರಲ್ಲಿ ಅವನ ಮಾತು ನಡೆಯುತ್ತಿತ್ತು. ಇಷ್ಟಿದ್ದರೂ ಹೊಬೊಯಿಥ್ಲೆ ಮಿಕೊನಂಥವರು ಅವನನ್ನು ಕೊನೆಗೂ ಮುಖ್ಯಸ್ಥನೆಂದು ಮನಸಾರೆ ಒಪ್ಪಲಿಲ್ಲ.

ಅಮೆರಿಕ ಸರ್ಕಾರ ಯುದ್ಧ ಬಿಟ್ಟು ಸಂಧಾನಕ್ಕೆ ಬಂದದ್ದು ಏಕೆ?

ಯುದ್ಧ ಮಾಡಲು ಸೈನ್ಯವೂ ಇರಲಿಲ್ಲ, ಹಣವೂ ಇರಲಿಲ್ಲ. 1789ರಲ್ಲಿ ಸೇವೆಯಲ್ಲಿದ್ದ ಕೇಂದ್ರ ಸೈನ್ಯ ಒಂದು ಸಾವಿರಕ್ಕಿಂತ ಕಡಿಮೆ, ಅದೂ ಒಹಾಯೊ ಕಡೆಯ ಜಗಳದಲ್ಲಿ ಸಿಕ್ಕಿತ್ತು. ಕ್ರೀಕರ ಹಿಂದೆ ಸ್ಪೇನ್ ನಿಂತಿತ್ತು. ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್ ಇನ್ನೊಂದು ಮಾತನ್ನೂ ಬರೆದ: ನೆಲದ ಮೊದಲ ಒಡೆಯರು ಮೂಲನಿವಾಸಿಗಳೇ, ಅವರ ಒಪ್ಪಿಗೆಯಿಂದಲೋ ನ್ಯಾಯವಾದ ಯುದ್ಧದಿಂದಲೋ ಅಲ್ಲದೆ ಅದನ್ನು ತೆಗೆದುಕೊಳ್ಳುವ ಹಕ್ಕಿಲ್ಲ. ಹೊಸ ಸಂವಿಧಾನದಲ್ಲಿ ಒಪ್ಪಂದ ಮಾಡುವ ಅಧಿಕಾರ ಕೇಂದ್ರದ್ದು, ರಾಜ್ಯದ್ದಲ್ಲ. ಜಾರ್ಜಿಯಾ ಇದನ್ನು ಬಾಯಲ್ಲಿ ಒಪ್ಪಿತು, ಕೈಯಲ್ಲಿ ಒಪ್ಪಲಿಲ್ಲ.

ಇದೇ ವಿಷಯಕ್ಕಾಗಿ ಅಧ್ಯಕ್ಷ ವಾಷಿಂಗ್ಟನ್ 1789ರ ಆಗಸ್ಟ್ 22ರಂದು ನಾಕ್ಸ್‌ನನ್ನು ಕರೆದುಕೊಂಡು ಸ್ವತಃ ಸೆನೆಟ್‌ಗೆ ಹೋದ. ದಕ್ಷಿಣದ ಮೂಲನಿವಾಸಿಗಳ ಜತೆ ಸಂಧಾನಕ್ಕೆ ಹೋಗುವ ಆಯುಕ್ತರಿಗೆ ಯಾವ ಸೂಚನೆ ಕೊಡಬೇಕೆಂದು ಸಲಹೆ ಕೇಳುವುದು ಉದ್ದೇಶ. ಕಾಗದ ಓದುವಾಗ ಬೀದಿಯ ಗಾಡಿಗಳ ಸದ್ದಿಗೆ ಸದಸ್ಯರಿಗೆ ಸರಿಯಾಗಿ ಕೇಳಿಸಲಿಲ್ಲ. ಸಮಿತಿಗೆ ಒಪ್ಪಿಸೋಣ ಎಂದು ಕೆಲವರೆಂದರು. ಬಂದ ಉದ್ದೇಶವೇ ಕೆಟ್ಟಿತೆಂದು ವಾಷಿಂಗ್ಟನ್ ಸಿಟ್ಟಾದ. 24ರಂದು ಮತ್ತೆ ಬಂದು ಉತ್ತರ ಪಡೆದ, ಆದರೆ ಆಮೇಲೆ ಹಾಗೆ ಖುದ್ದಾಗಿ ಸಲಹೆ ಕೇಳಲು ಹೋಗಲಿಲ್ಲ. ಅಧ್ಯಕ್ಷರು ಒಪ್ಪಂದವನ್ನು ಮೊದಲು ಮಾಡಿ ಆಮೇಲೆ ಸೆನೆಟ್‌ಗೆ ಕಳಿಸುವ ರೂಢಿಯ ಹಿಂದೆ ಕ್ರೀಕರ ಒಕೋನಿ ಜಗಳವಿದೆ.

1789ರ ರಾಕ್ ಲ್ಯಾಂಡಿಂಗ್ ಸಭೆ ಮುರಿದುಬಿದ್ದದ್ದೇಕೆ?

ಬೆಂಜಮಿನ್ ಲಿಂಕನ್, ಸೈರಸ್ ಗ್ರಿಫಿನ್, ಡೇವಿಡ್ ಹಂಫ್ರೀಸ್ ಎಂಬ ಮೂವರು ಆಯುಕ್ತರು ಸೆಪ್ಟೆಂಬರ್‌ನಲ್ಲಿ ಒಕೋನಿ ದಂಡೆಗೆ ಬಂದರು. ಮೂವರಲ್ಲಿ ಒಬ್ಬನಿಗೂ ಕ್ರೀಕ್ ಗಡಿಯ ಪರಿಚಯ ಇರಲಿಲ್ಲ. ಜಾರ್ಜಿಯಾದ ಹಳೆಯ ಮೂರು ಒಪ್ಪಂದಗಳು ನ್ಯಾಯವಾಗಿ ನಡೆದವೇ ಎಂದು ವಿಚಾರಿಸಿ, ನಡೆಯದಿದ್ದರೆ ಅವುಗಳ ಮೇಲೆ ಹಟ ಮಾಡಬೇಡಿ, ಬೆಲೆ ಕೊಟ್ಟು ಕೊಳ್ಳಿ ಎಂಬುದು ಅವರಿಗಿದ್ದ ಸೂಚನೆ. ಅವರು ಮುಂದಿಟ್ಟ ಕರಡಿನಲ್ಲೋ ಜಾರ್ಜಿಯಾ ಕೇಳಿದ ಗಡಿಯೇ ಇತ್ತು. ಮೆಕ್‌ಗಿಲಿವ್ರೆ ಅಲ್ಲಿ ಜಗಳ ಆಡಲಿಲ್ಲ. ಕುದುರೆಗಳಿಗೆ ಮೇವು ಸಾಲದೆಂದು ಹೇಳಿ ತನ್ನವರನ್ನು ಕರೆದುಕೊಂಡು ಹೊರಟುಹೋದ. ಕರಡನ್ನು ಮೊದಲೇ ಬರೆದು ತಂದು ಎದುರಿನವರ ಮುಂದಿಡುವುದು ಈ ಗಡಿಯಲ್ಲಿ ನಡೆಯುವ ಕೆಲಸವಲ್ಲ ಎಂಬುದನ್ನು ಆಯುಕ್ತರು ತಡವಾಗಿ ಕಲಿತರು.

ಇಂಥ ಸಂಧಾನ ಸಭೆ ನಿಜಕ್ಕೂ ಹೇಗೆ ನಡೆಯುತ್ತಿತ್ತು?

ಕರೆ ಹೋಗುವುದರಿಂದ ಶುರು. ಓಲೆಕಾರ ಊರೂರಿಗೆ ಹೋಗಿ ಕಡ್ಡಿಗಳ ಕಟ್ಟೊಂದನ್ನು ಕೊಡುತ್ತಾನೆ. ದಿನಕ್ಕೊಂದು ಕಡ್ಡಿ ಎಸೆಯಬೇಕು, ಕಡ್ಡಿ ಮುಗಿದ ದಿನ ಸಭೆ. ದೂರದೂರದ ಊರುಗಳು ಒಂದೇ ದಿನ ಸೇರಲು ಇದು ಸಾಕಾಗುತ್ತಿತ್ತು. ಕಡ್ಡಿ ಕಡಿಮೆ ಹೋದ ಊರು ಬೇಗ ಬಂದು ಹಸಿವಿನಲ್ಲಿ ಕಾಯಬೇಕು, ಕರೆಯೇ ಮುಟ್ಟದ ಊರು ನಾಳೆ ಒಪ್ಪಂದವನ್ನು ಧಿಕ್ಕರಿಸುತ್ತದೆ.

ಸಭೆಯ ಜಾಗ ಸಾಮಾನ್ಯವಾಗಿ ಗಡಿಯ ನದಿಯ ದಂಡೆ. ರಾಕ್ ಲ್ಯಾಂಡಿಂಗ್ ಒಕೋನಿಯ ಮೇಲೆ, 1796ರ ಸಭೆ ನಡೆದ ಕೋಲರೇನ್ ಸೇಂಟ್ ಮೇರೀಸ್ ಮೇಲೆ. ದೋಣಿಯಲ್ಲಿ ಸರಕು ತರಲು ಅನುಕೂಲ, ಇಬ್ಬರಿಗೂ ಹಿಂದಕ್ಕೆ ಸರಿಯಲು ದಾರಿ ಇರುತ್ತದೆ. ಕರೆದವರು ಊಟ ಹಾಕಬೇಕು: ದನದ ಮಾಂಸ, ಜೋಳ, ಉಪ್ಪು. ಮಿಕೊಗಳು ಒಬ್ಬರೇ ಬರುವುದಿಲ್ಲ, ಊರಿನ ಹೆಂಗಸರು ಮಕ್ಕಳೂ ಜತೆಗೆ ಬರುತ್ತಾರೆ. ಸಂಧಾನ ವಾರಗಟ್ಟಲೆ ನಡೆಯುತ್ತದೆ. ಊಟ ಮುಗಿದರೆ ಸಭೆಯೂ ಮುಗಿಯಿತು, ಮಾತು ಎಲ್ಲಿ ನಿಂತಿದ್ದರೂ ಸರಿ.

ಮೊದಲ ದಿನ ನೆಲದ ಮಾತು ಎತ್ತಬಾರದು. ಯಾಪನ್ ಗಿಡದ ಎಲೆಯನ್ನು ಹುರಿದು ಕುದಿಸಿದ ಕಪ್ಪು ಕಷಾಯವನ್ನು ಶಂಖದ ಬಟ್ಟಲಿನಲ್ಲಿ ಹಿರಿತನದ ಕ್ರಮದಂತೆ ಕುಡಿಯುತ್ತಾರೆ. ಹೊಗೆಕೊಳವೆ ಕೈಯಿಂದ ಕೈಗೆ ಹೋಗುತ್ತದೆ. ಬಿಳಿ ರೆಕ್ಕೆ, ಬಿಳಿ ಮಣಿಯ ಸರ ಶಾಂತಿಯ ಗುರುತು. ಮಣಿಸರ ಬರೀ ಅಲಂಕಾರವಲ್ಲ. ಯಾವ ಮಾತಿನ ಜತೆ ಯಾವ ಸರ ಬಂತೆಂದು ನೆನಪಿಟ್ಟುಕೊಳ್ಳುವ ಹಿರಿಯರು ಇರುತ್ತಾರೆ, ವರ್ಷಗಳ ಮೇಲೂ ಅದನ್ನು ತೋರಿಸಿ ಕೊಟ್ಟ ಮಾತನ್ನು ಹಾಗೇ ಹೇಳುತ್ತಾರೆ.

ಆಮೇಲೆ ಮಾತು. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಒಂದೊಂದು ವಾಕ್ಯವನ್ನೂ ದುಭಾಷಿ ತಿರುಗಿಸಿ ಹೇಳುತ್ತಾನೆ. ಟಿಮೊಥಿ ಬರ್ನಾರ್ಡ್, ಅಲೆಕ್ಸಾಂಡರ್ ಕಾರ್ನೆಲ್ ಅವರಂಥ ದುಭಾಷಿಗಳು ಗಡಿಯ ಎರಡೂ ಕಡೆ ನೆಂಟಸ್ತನ ಇದ್ದವರು. ಉತ್ತರ ಅದೇ ದಿನ ಬರುವುದಿಲ್ಲ. ಕ್ರೀಕರು ರಾತ್ರಿ ತಮ್ಮ ಬಿಡಾರದಲ್ಲಿ ಕೂತು ಚರ್ಚಿಸಿ ಮರುದಿನ ಒಬ್ಬ ಮಾತುಗಾರನ ಬಾಯಲ್ಲಿ ಹೇಳಿಸುತ್ತಾರೆ. ಆತುರ ಮಾಡಿದ ಆಯುಕ್ತನಿಗೆ ಸಿಗುತ್ತಿದ್ದದ್ದು ಒಪ್ಪಿಗೆಯಲ್ಲ, ಮೌನ. ಆ ಮೌನವನ್ನು ಒಪ್ಪಿಗೆ ಎಂದು ಬರೆದುಕೊಂಡು ಹೋದವರೂ ಇದ್ದಾರೆ.

ಕೊನೆಗೆ ಬರಹ ಓದಿ ಹೇಳಿ, ಊರಿನ ಹೆಸರಿನ ಕೆಳಗೆ ಒಬ್ಬೊಬ್ಬರೂ ಗುರುತು ಹಾಕುತ್ತಾರೆ, ಸಾಕ್ಷಿಗಳೂ ದುಭಾಷಿಯೂ ಸಹಿ ಮಾಡುತ್ತಾರೆ, ಉಡುಗೊರೆ ಹಂಚಿಕೆ ಆಗುತ್ತದೆ. ಕ್ರೀಕರಿಗೆ ಒಪ್ಪಂದ ಎಂದರೆ ಸಭೆಯಲ್ಲಿ ಕೇಳಿದ ಮಾತು. ಸರ್ಕಾರಕ್ಕೆ ಒಪ್ಪಂದ ಎಂದರೆ ಸೆನೆಟ್ ಒಪ್ಪಿ ಅಧ್ಯಕ್ಷ ಘೋಷಿಸಿದ ಕಾಗದ. ಎರಡರ ನಡುವೆ ತಿಂಗಳುಗಳು ಹೋಗುತ್ತಿದ್ದವು, ಕೆಲವೊಮ್ಮೆ ಕಾಗದವೂ ಬದಲಾಗಿರುತ್ತಿತ್ತು.

ಕ್ರೀಕ್ ಮುಖಂಡರು ನ್ಯೂಯಾರ್ಕ್‌ವರೆಗೆ ಹೋದದ್ದು ಹೇಗೆ?

ರಾಕ್ ಲ್ಯಾಂಡಿಂಗ್ ಸೋತ ಮೇಲೆ ವಾಷಿಂಗ್ಟನ್ ಕರ್ನಲ್ ಮೆರೈನಸ್ ವಿಲೆಟ್‌ನನ್ನು ಸದ್ದಿಲ್ಲದೆ ಕಳಿಸಿದ. ವಿಲೆಟ್ 1790ರ ವಸಂತದಲ್ಲಿ ಚಾರ್ಲ್‌ಸ್ಟನ್ ಮೂಲಕ ಕ್ರೀಕ್ ನಾಡಿಗೆ ಹೋಗಿ ಮೆಕ್‌ಗಿಲಿವ್ರೆಯನ್ನು ಕಂಡ. ಅವನು ಮಾಡಿದ ಜಾಣತನವೆಂದರೆ ಒಬ್ಬನನ್ನೇ ಒಪ್ಪಿಸಿ ಕರೆದುಕೊಂಡು ಬರದೆ, ಊರುಗಳ ಸಭೆ ಸೇರಿಸಿ ಎಲ್ಲರ ಮುಂದೆ ಕರೆ ಕೊಟ್ಟದ್ದು. ಸುಮಾರು ಮೂವತ್ತು ಜನ ಕುದುರೆ, ಗಾಡಿಗಳಲ್ಲಿ ಹೊರಟು ರಿಚ್‌ಮಂಡ್, ಫಿಲಡೆಲ್ಫಿಯಾ ದಾಟಿ ಜುಲೈ ತಿಂಗಳಲ್ಲಿ ಆಗಿನ ರಾಜಧಾನಿ ನ್ಯೂಯಾರ್ಕ್ ತಲುಪಿದರು. ಟ್ಯಾಮನಿ ಸಂಘ ಎಂಬ ಅಲ್ಲಿನ ನಾಗರಿಕರ ಕೂಟದವರು ಮೆರವಣಿಗೆಯಲ್ಲಿ ಬರಮಾಡಿಕೊಂಡರು. ಸ್ಪೇನ್ ಕಡೆಯ ಕಾರ್ಲೋಸ್ ಹೋವರ್ಡ್, ಬ್ರಿಟಿಷರ ಜಾರ್ಜ್ ಬೆಕ್‌ವಿತ್ ಇಬ್ಬರೂ ಅದೇ ಊರಿನಲ್ಲಿದ್ದು ಮೆಕ್‌ಗಿಲಿವ್ರೆಯ ಕಿವಿಗೆ ಬೀಳಲು ಕಾದಿದ್ದರು. ಚಿತ್ರಕಾರ ಜಾನ್ ಟ್ರಂಬುಲ್ ಆಗ ಕೆಲವು ಮುಖಂಡರ ಮುಖಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಂಡ. ಹೊಬೊಯಿಥ್ಲೆ ಮಿಕೊನ ಮುಖ ನಮಗೆ ಇಂದು ಕಾಣುವುದು ಆ ರೇಖಾಚಿತ್ರದಿಂದ.

1790ರ ಒಪ್ಪಂದದಲ್ಲಿ ಏನೇನಿತ್ತು?

ಆಗಸ್ಟ್ 7ರಂದು ನಾಕ್ಸ್ ಒಂದು ಕಡೆ, ಮೆಕ್‌ಗಿಲಿವ್ರೆ ಸೇರಿ 24 ಕ್ರೀಕರು ಇನ್ನೊಂದು ಕಡೆ ಸಹಿ ಹಾಕಿದರು. ಒಟ್ಟು 14 ಕಲಂ. ಒಗೀಚಿ–ಒಕೋನಿ ನಡುವಿನ ನೆಲ ಜಾರ್ಜಿಯಾಕ್ಕೆ ಉಳಿಯಿತು. ಆಲ್ಟಮಹಾದ ದಕ್ಷಿಣದ ಟಾಲಸೀ ಸೀಮೆ ಕ್ರೀಕರಿಗೆ ಮರಳಿತು. ಬಿಟ್ಟುಕೊಟ್ಟದ್ದಕ್ಕೆ ವರ್ಷಕ್ಕೆ 1,500 ಡಾಲರ್. ಉಳಿದ ಎಲ್ಲ ನೆಲ ಕ್ರೀಕರದ್ದೇ ಎಂದು ಅಮೆರಿಕ ಖಾತ್ರಿ ಕೊಟ್ಟಿತು.

ಆರನೆಯ ಕಲಂ ಗಮನಿಸಿ: ಕ್ರೀಕ್ ನೆಲದಲ್ಲಿ ಹೋಗಿ ನೆಲೆಸಿದ ಅಮೆರಿಕದವನು ತನ್ನ ದೇಶದ ರಕ್ಷಣೆ ಕಳೆದುಕೊಳ್ಳುತ್ತಾನೆ, ಅವನನ್ನು ಕ್ರೀಕರು ಶಿಕ್ಷಿಸಬಹುದು ಅಥವಾ ಬಿಡಬಹುದು. ಏಳನೆಯದರಲ್ಲಿ ರಹದಾರಿ ಇಲ್ಲದೆ ಯಾರೂ ಒಳಗೆ ಹೋಗಬಾರದು, ಬೇಟೆಯಾಡಬಾರದು ಎಂದಿದೆ. ಮೂರನೆಯದು ಸೆರೆಯಾಳುಗಳ ಬಗ್ಗೆ. ಬಿಳಿಯರ ಜತೆಗೆ ಕ್ರೀಕ್ ನಾಡಿನಲ್ಲಿದ್ದ ಕಪ್ಪು ಜನರನ್ನೂ ರಾಕ್ ಲ್ಯಾಂಡಿಂಗ್‌ನಲ್ಲಿ ಒಪ್ಪಿಸಬೇಕು, ಮುಂದಿನ ಜೂನ್ 1ರೊಳಗೆ ಒಪ್ಪಿಸದಿದ್ದರೆ ಜಾರ್ಜಿಯಾದ ಗವರ್ನರ್ ಮೂವರನ್ನು ಕಳಿಸಿ ಕೇಳಬಹುದು. ಗುಲಾಮಗಿರಿಯಿಂದ ಓಡಿಬಂದವರನ್ನು ಮತ್ತೆ ಅದಕ್ಕೇ ದೂಡುವ ಕಲಂ ಇದು. ಶಾಂತಿ ಎಂಬ ಮಾತು ಅವರ ಪಾಲಿಗೆ ಇರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಹನ್ನೆರಡನೆಯದರಲ್ಲಿ ಕ್ರೀಕರು ಬೇಟೆ ಬಿಟ್ಟು ದನಗಾಹಿಗಳೂ ರೈತರೂ ಆಗಲೆಂದು ಜಾನುವಾರು, ಬೇಸಾಯದ ಸಲಕರಣೆ ಕೊಡುವ ಮಾತಿದೆ. ಬೇಟೆ ಬಿಟ್ಟವರಿಗೆ ಅಷ್ಟು ಕಾಡು ಬೇಕಾಗದು ಎಂಬ ಲೆಕ್ಕ ಅದರ ಹಿಂದಿತ್ತು.

ಆಗಸ್ಟ್ 13ರಂದು ಫೆಡರಲ್ ಹಾಲ್‌ನಲ್ಲಿ ಒಪ್ಪಂದವನ್ನು ಎಲ್ಲರೆದುರು ಓದಿ ದುಭಾಷಿ ಜೋಸೆಫ್ ಕಾರ್ನೆಲ್ ಮೂಲಕ ತಿಳಿಸಿದರು. ವಾಷಿಂಗ್ಟನ್ ಮಣಿಸರವನ್ನೂ ಹೊಗೆಸೊಪ್ಪಿನ ಪೊಟ್ಟಣವನ್ನೂ ಕೊಟ್ಟ. ಕ್ರೀಕರು ಒಬ್ಬೊಬ್ಬರಾಗಿ ಕೈಕುಲುಕಿ ಶಾಂತಿಯ ಹಾಡು ಹಾಡಿದರು.

ರಹಸ್ಯ ಕಲಂಗಳು ಇದ್ದವೆನ್ನುತ್ತಾರಲ್ಲ?

ಇದ್ದವು. ಮೆಕ್‌ಗಿಲಿವ್ರೆಗೆ ಬ್ರಿಗೇಡಿಯರ್ ಜನರಲ್ ಪದವಿ, ವರ್ಷಕ್ಕೆ 1,200 ಡಾಲರ್. ಆರು ಕಡೆಯ ಮುಖಂಡರಿಗೆ ಪದಕ ಮತ್ತು ವರ್ಷಕ್ಕೆ 100 ಡಾಲರ್. ಯುದ್ಧದಿಂದಲೋ ನಿಷೇಧದಿಂದಲೋ ಈಗಿರುವ ವ್ಯಾಪಾರದ ದಾರಿ ಮುಚ್ಚಿಹೋದರೆ ವರ್ಷಕ್ಕೆ 60,000 ಡಾಲರ್ ಮೌಲ್ಯದ ಸರಕನ್ನು ಅಮೆರಿಕದ ಬಂದರಿನಿಂದ ಸುಂಕವಿಲ್ಲದೆ ತರಬಹುದು. ನಾಲ್ಕು ಮಂದಿ ಕ್ರೀಕ್ ಹುಡುಗರ ಓದಿನ ವೆಚ್ಚ ಸರ್ಕಾರದ್ದು.

ಇಡೀ ನಾಡಿಗೆ ವರ್ಷಕ್ಕೆ 1,500, ಒಬ್ಬನಿಗೆ 1,200. ಊರುಗಳಿಗೆ ತಿಳಿಯದಂತೆ ಇಟ್ಟದ್ದೇಕೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. 15,000 ಜನ ಎಂದೇ ಲೆಕ್ಕ ಹಿಡಿದರೂ 1,500 ಡಾಲರ್ ಎಂದರೆ ತಲೆಗೆ ಹತ್ತು ಸೆಂಟ್.

ಗಡಿಯ ಗೆರೆಯನ್ನು ನೆಲದ ಮೇಲೆ ಹೇಗೆ ಎಳೆಯಬೇಕಿತ್ತು? ಏಕೆ ಎಳೆಯಲಾಗಲಿಲ್ಲ?

ಒಪ್ಪಂದದಲ್ಲೇ ವಿಧಾನ ಬರೆದಿತ್ತು. ಅಮೆರಿಕದ ಪರವಾಗಿ ಒಬ್ಬ ನುರಿತ ಭೂಮಾಪಕ, ಜಾರ್ಜಿಯಾದ ಮೂವರು ಹಿರಿಯ ನಾಗರಿಕರು, ಮೂವರು ಹಿರಿಯ ಕ್ರೀಕ್ ಮುಖಂಡರು 1791ರ ಅಕ್ಟೋಬರ್ 1ರಂದು ರಾಕ್ ಲ್ಯಾಂಡಿಂಗ್‌ನಲ್ಲಿ ಸೇರಬೇಕು. ಅಲ್ಲಿಂದ ಹೊರಟು ಒಕೋನಿಯ ದಕ್ಷಿಣದ ಮುಖ್ಯ ಕವಲಾದ ಆಪಲಾಚಿಯ ಮೂಲವನ್ನು ಕಂಡುಹಿಡಿಯಬೇಕು. ಕರಾಹಿ ಬೆಟ್ಟದ ತುದಿಯಿಂದ ಆ ಮೂಲದವರೆಗೆ ಕನಿಷ್ಠ 20 ಅಡಿ ಅಗಲಕ್ಕೆ ಮರ ಕಡಿದು ಉರುಳಿಸಿ, ಎರಡೂ ಬದಿಯ ಮರಗಳಿಗೆ ಕಚ್ಚು ಹಾಕಬೇಕು. ಅಲ್ಲಿಂದ ನದಿಯ ಅಂಚಿನಲ್ಲಿ 20 ಮೈಲಿ ಅಥವಾ ಬೇಕಾದಷ್ಟು ದೂರ ಹಾಗೇ ಮುಂದುವರಿಸಬೇಕು.

ಬುದ್ಧಿವಂತಿಕೆಯ ವಿಧಾನವೇ. ಓದು ಬಾರದವನಿಗೂ ಕಡಿದ ಮರದ ಸಾಲು ಕಾಣುತ್ತದೆ. ತೊಡಕು ಎಲ್ಲಿತ್ತೆಂದರೆ, ನದಿಗೆ ಕವಲು ಹಲವು. ಯಾವುದು ಮುಖ್ಯ ಕವಲು ಎನ್ನುವುದರ ಮೇಲೆ ಬೆಲೆಬಾಳುವ ಎಷ್ಟೋ ನೆಲ ಅತ್ತ ಅಥವಾ ಇತ್ತ ಹೋಗುತ್ತದೆ. ಕ್ರೀಕ್ ಮುಖಂಡರು ಹೇಳಿದ ದಿನ ಬರಲಿಲ್ಲ. 1791ರಲ್ಲೇ ವಿಲಿಯಂ ಆಗಸ್ಟಸ್ ಬೋಲ್ಸ್ ಎಂಬ ಸಾಹಸಿ ಬ್ರಿಟಿಷರ ಹೆಸರು ಹೇಳಿಕೊಂಡು ಬಂದು, ನಿಮ್ಮ ನೆಲ ಮಾರಿದ್ದಾರೆಂದು ಕೆಳಗಿನ ಊರುಗಳನ್ನು ಎಬ್ಬಿಸಿದ. ನೆಲ ಕಳೆದುಕೊಂಡ ಸಿಟ್ಟು ಮೊದಲೇ ಇದ್ದದ್ದರಿಂದ ಅವನ ಮಾತಿಗೆ ಬೆಲೆ ಬಂತು. ಮೆಕ್‌ಗಿಲಿವ್ರೆಯೂ 1792ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಸ್ಪೇನಿನ ಗವರ್ನರ್ ಕಾರೊಂಡೆಲೆ ಜತೆ ಹೊಸ ಒಡಂಬಡಿಕೆ ಮಾಡಿಕೊಂಡು ನ್ಯೂಯಾರ್ಕ್ ಗೆರೆಯನ್ನು ಬಿಟ್ಟುಕೊಟ್ಟ. ಮರುವರ್ಷ ಫೆಬ್ರುವರಿ 17ರಂದು ಪೆನ್ಸಕೋಲಾದಲ್ಲಿ ತೀರಿಕೊಂಡ. ಕರಾಹಿ ಬೆಟ್ಟದಿಂದ ಗೆರೆ ನಿಜಕ್ಕೂ ಎಳೆದದ್ದು 1798ರಲ್ಲಿ, ಕ್ರೀಕರ ನಡುವೆ ಅಮೆರಿಕದ ಏಜೆಂಟ್ ಆಗಿದ್ದ ಬೆಂಜಮಿನ್ ಹಾಕಿನ್ಸ್ ಮುಂದೆ ನಿಂತು. ಅಷ್ಟರಲ್ಲಿ ಗೆರೆಯ ಆಚೆಗೆ ಮನೆಗಳಾಗಿದ್ದವು.

ಒಪ್ಪಂದ ಇದ್ದೂ ಗಡಿಯಲ್ಲಿ ರಕ್ತ ಹರಿಯುತ್ತಿದ್ದದ್ದೇಕೆ?

ಹೆಚ್ಚಿನವು ಕುದುರೆ ಕಳ್ಳತನದಿಂದ ಶುರುವಾಗುತ್ತಿದ್ದವು. ಕಳುವಾದ ಕುದುರೆಯ ಬೆನ್ನು ಹತ್ತಿ ಹೋದವರು ಸಿಕ್ಕ ಮೊದಲ ಕ್ರೀಕನನ್ನು ಕೊಲ್ಲುತ್ತಾರೆ, ಅವನ ಬಳಿಯವರು ಸಿಕ್ಕ ಮೊದಲ ಬಿಳಿಯನನ್ನು ಕೊಲ್ಲುತ್ತಾರೆ. ಒಪ್ಪಂದದ ಪ್ರಕಾರ ಕೊಲೆಗಾರನನ್ನು ಹಿಡಿದು ಒಪ್ಪಿಸಬೇಕು. ಆದರೆ ತನ್ನ ಬಳಿಯವನನ್ನು ಹೊರಗಿನವರ ನೇಣಿಗೆ ಕಳಿಸುವ ಮಿಕೊ ನಾಳೆ ಆ ಬಳಿಗೆ ಉತ್ತರ ಹೇಳಬೇಕು. ಇತ್ತ ಜಾರ್ಜಿಯಾದ ಗಡಿ ಕೌಂಟಿಗಳ ಜ್ಯೂರಿಗಳಿಂದ ಕ್ರೀಕನನ್ನು ಕೊಂದ ಬಿಳಿಯನಿಗೆ ಶಿಕ್ಷೆ ಕೊಡಿಸುವುದು ಆಗದ ಮಾತಾಗಿತ್ತು. 1793ರಲ್ಲಿ ಅಮೆರಿಕದ ಏಜೆಂಟ್ ಜೇಮ್ಸ್ ಸೀಗ್ರೋವ್‌ನನ್ನು ಕಾಣಲು ಬಿಳಿ ಬಾವುಟ ಹಿಡಿದು ಬರುತ್ತಿದ್ದ ಕ್ರೀಕ್ ಮುಖಂಡ ಡೇವಿಡ್ ಕಾರ್ನೆಲ್‌ನನ್ನು ಜಾರ್ಜಿಯಾದ ಮಿಲಿಷಿಯಾದವರು ಗುಂಡಿಕ್ಕಿ ಕೊಂದರು. ಮರುವರ್ಷ ಎಲೈಜಾ ಕ್ಲಾರ್ಕ್ ಎಂಬ ಜನರಲ್ ಒಕೋನಿ ದಾಟಿ ಕ್ರೀಕ್ ನೆಲದಲ್ಲಿ ತನ್ನದೇ ಗಣರಾಜ್ಯ ಎಂದು ಕೋಟೆ ಕಟ್ಟಿದ. ಅದನ್ನು ಕೆಡವಿದ್ದೂ ಜಾರ್ಜಿಯಾ ಮಿಲಿಷಿಯಾವೇ, ಅದೂ ವಾಷಿಂಗ್ಟನ್ ಒತ್ತಾಯ ಹಾಕಿದ ಮೇಲೆ.

ಕೋಲರೇನ್ ಒಪ್ಪಂದ ಏನು ಸರಿಪಡಿಸಿತು?

1796ರ ಜೂನ್ 29ರ ಈ ಒಪ್ಪಂದವನ್ನು ನಾವು ಆ ಕಾಲದ ಅತ್ಯಂತ ನೇರವಾದ ಸಂಧಾನವೆಂದು ಎಣಿಸುತ್ತೇವೆ. ಆಯುಕ್ತರು ಬೆಂಜಮಿನ್ ಹಾಕಿನ್ಸ್, ಜಾರ್ಜ್ ಕ್ಲೈಮರ್, ಆಂಡ್ರೂ ಪಿಕೆನ್ಸ್. ಹಾಕಿನ್ಸ್, ಪಿಕೆನ್ಸ್ ಇಬ್ಬರೂ ಹಿಂದೆ ಗಾಲ್ಫಿನ್‌ಟನ್‌ನಿಂದ ಎದ್ದು ಹೋದವರೇ. ಜಾರ್ಜಿಯಾದ ಪ್ರತಿನಿಧಿಗಳು ಒಕ್ಮಲ್ಗಿ ನದಿಯವರೆಗಿನ ನೆಲ ಕೇಳಲು ಬಂದಿದ್ದರು. ಮಿಕೊಗಳು ಕೊಡುವುದಿಲ್ಲವೆಂದರು, ಆಯುಕ್ತರು ಒತ್ತಾಯಿಸಲಿಲ್ಲ. ನ್ಯೂಯಾರ್ಕ್ ಗೆರೆ ಖಾಯಂ ಆಯಿತು. ಕ್ರೀಕ್ ನೆಲದಲ್ಲಿ ಸೇನಾ ಠಾಣೆ ಮತ್ತು ಸರ್ಕಾರಿ ಅಂಗಡಿಗೆ ಜಾಗ ಸಿಕ್ಕಿತು. ಬದಲಿಗೆ 6,000 ಡಾಲರ್ ಸರಕು, ಮೇಲಿನ ಊರಿಗೊಬ್ಬ ಕೆಳಗಿನ ಊರಿಗೊಬ್ಬ ಎಂದು ಇಬ್ಬರು ಕಮ್ಮಾರರು, ಅವರಿಗೆ ಸಹಾಯಕರು ಮತ್ತು ಉಪಕರಣ. ಬಂದೂಕಿನ ಕುದುರೆ ಮುರಿದರೆ, ಗುದ್ದಲಿ ಮೊಂಡಾದರೆ ನೂರಾರು ಮೈಲಿ ಹೋಗಬೇಕಿದ್ದ ಜನಕ್ಕೆ ಕಮ್ಮಾರ ದೊಡ್ಡ ಗಳಿಕೆ.

ಸರ್ಕಾರಿ ಅಂಗಡಿಯಿಂದ ನೆಲ ಹೋಯಿತೆನ್ನುವುದು ನಿಜವೇ?

1802ರ ಫೋರ್ಟ್ ವಿಲ್ಕಿನ್ಸನ್ ಒಪ್ಪಂದದ ಲೆಕ್ಕ ನೋಡಿ. ನೆಲಕ್ಕೆ ವರ್ಷಕ್ಕೆ 3,000 ಡಾಲರ್ ಮತ್ತು ಮುಖಂಡರಿಗೆ ಹತ್ತು ವರ್ಷ 1,000 ಡಾಲರ್ ಅಲ್ಲದೆ, ಒಟ್ಟಿಗೆ 25,000 ಡಾಲರ್ ಎಂದು ಬರೆದಿದೆ. ಅದರಲ್ಲಿ 10,000 ಸರಕು. ಇನ್ನೊಂದು 10,000 ಸರ್ಕಾರಿ ಅಂಗಡಿಗೆ ಕ್ರೀಕ್ ನಾಡಿನವರು ಕೊಡಬೇಕಿದ್ದ ಸಾಲಕ್ಕೆ. 5,000 ಕ್ರೀಕರಿಂದ ನಷ್ಟವಾಯಿತೆಂದು ದೂರು ಕೊಟ್ಟ ಅಮೆರಿಕದವರಿಗೆ. ಅಂದರೆ 25,000ದಲ್ಲಿ 15,000 ಕ್ರೀಕರ ಕೈಗೆ ಬರಲೇ ಇಲ್ಲ. ಅಂಗಡಿ ಲಾಭವಿಲ್ಲದೆ ನಡೆಯಲೆಂದು ತೆರೆದದ್ದು ನಿಜ. ಆದರೆ ಜಿಂಕೆ ಕಡಿಮೆಯಾಗುತ್ತಾ ಸಾಲ ಬೆಳೆಯಿತು, ಸಾಲ ತೀರಿಸಲು ಅವರಲ್ಲಿ ಉಳಿದದ್ದು ನೆಲ ಒಂದೇ. 1805ರಲ್ಲಿ ಒಕ್ಮಲ್ಗಿಯವರೆಗಿನ ನೆಲವೂ ಹೋಯಿತು: ಎಂಟು ವರ್ಷ 12,000, ಆಮೇಲೆ ಹತ್ತು ವರ್ಷ 11,000 ಡಾಲರ್. ಅದೇ ಒಪ್ಪಂದದಲ್ಲಿ ಮೊಬೀಲ್ ಕಡೆಗೆ ಕ್ರೀಕ್ ನಾಡಿನ ನಡುವೆ ಕುದುರೆ ದಾರಿಗೂ ಒಪ್ಪಿಗೆ ಸಿಕ್ಕಿತು. ವಲಸೆಯ ಗಾಡಿಗಳು ಬಂದದ್ದು ಆ ದಾರಿಯಲ್ಲೇ.

1814ರಲ್ಲಿ ಸೋತವರಲ್ಲದ ಕ್ರೀಕರೂ ನೆಲ ಕಳೆದುಕೊಂಡದ್ದು ಹೇಗೆ?

1813ರ ಹೊತ್ತಿಗೆ ಕ್ರೀಕರೊಳಗೇ ಯುದ್ಧ. ಏಜೆಂಟ್ ಹಾಕಿನ್ಸ್ ಬಳಕೆಗೆ ತಂದ ನೇಗಿಲು, ಚರಕವನ್ನೂ ಕುದುರೆ ದಾರಿಯನ್ನೂ ವಿರೋಧಿಸಿದ, ಕೆಂಪು ಕೋಲಿನವರು ಎಂಬ ಹೆಸರಿನ ಬಣ ಒಂದು ಕಡೆ, ಊರುಗಳ ಮುಖಂಡರು ಸೇರುವ ರಾಷ್ಟ್ರೀಯ ಸಭೆಯ ಪರ ನಿಂತವರು ಇನ್ನೊಂದು ಕಡೆ. ಆಗಸ್ಟ್ 30ರಂದು ಫೋರ್ಟ್ ಮಿಮ್ಸ್ ಮೇಲೆ ದಾಳಿಯಾಯಿತು, 1814ರ ಮಾರ್ಚ್ 27ರಂದು ಹಾರ್ಸ್‌ಷೂ ಬೆಂಡ್‌ನಲ್ಲಿ 800ಕ್ಕೂ ಹೆಚ್ಚು ಕೆಂಪು ಕೋಲಿನವರು ಸತ್ತರು. ಆಂಡ್ರೂ ಜಾಕ್ಸನ್ ಆಗಸ್ಟ್ 9ರಂದು ಫೋರ್ಟ್ ಜಾಕ್ಸನ್‌ನಲ್ಲಿ ಬರೆಸಿಕೊಂಡದ್ದು ಸುಮಾರು 2 ಕೋಟಿ 30 ಲಕ್ಷ ಎಕರೆ. ಸಹಿ ಹಾಕಿದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅವನ ಜತೆ ನಿಂತು ಕಾದಾಡಿದ ಕ್ರೀಕರೇ. ಶತ್ರುಗಳು ಫ್ಲಾರಿಡಾಕ್ಕೆ ಓಡಿದ್ದರು. ಬೆಲೆ ತೆತ್ತವರು ಮಿತ್ರರು. ಇದು ಅನ್ಯಾಯ ಎಂದು ಅಲ್ಲೇ ಹೇಳಿದವರು ಕ್ರೀಕ್ ಮುಖಂಡರು, ಅವರಿಗೆ ಸಿಕ್ಕ ಉತ್ತರ ಸಹಿ ಹಾಕಿ ಎಂಬುದೊಂದೇ.

ಸಹಿಯ ಅಧಿಕಾರದ ಪ್ರಶ್ನೆಗೆ ಕ್ರೀಕರೇ ಏನು ಮಾಡಿದರು?

ರಾಷ್ಟ್ರೀಯ ಸಭೆಯ ಒಪ್ಪಿಗೆಯಿಲ್ಲದೆ ನೆಲ ಮಾರಿದವನಿಗೆ ಮರಣದಂಡನೆ ಎಂದು ಕಾನೂನು ಮಾಡಿದರು. 1825ರ ಫೆಬ್ರುವರಿ 12ರಂದು ಕ್ರೀಕ್ ಮುಖಂಡ ವಿಲಿಯಂ ಮೆಕಿಂಟಾಷ್ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ ಸಹಿ ಹಾಕಿ ಜಾರ್ಜಿಯಾದಲ್ಲಿ ಉಳಿದಿದ್ದ ನೆಲವನ್ನೆಲ್ಲ ಕೊಟ್ಟ. ಏಪ್ರಿಲ್ 30ರಂದು ಮೆನಾವಾನ ಮುಂದಾಳ್ತನದಲ್ಲಿ ಬಂದವರು ಆ ಶಿಕ್ಷೆಯನ್ನು ಜಾರಿಮಾಡಿದರು. ಓಪೊಥ್ಲೆ ಯೊಹೊಲೊ ಮುಂತಾದ ಮುಖಂಡರು ರಾಜಧಾನಿ ವಾಷಿಂಗ್ಟನ್‌ಗೆ ಹೋಗಿ 1826ರ ಜನವರಿಯಲ್ಲಿ ಆ ಒಪ್ಪಂದವನ್ನು ರದ್ದು ಮಾಡಿಸಿದರು. ಸೆನೆಟ್ ಒಪ್ಪಿದ್ದ ಇಂಥ ಒಪ್ಪಂದ ರದ್ದಾದದ್ದು ಅದೇ ಮೊದಲು. ಅದರ ಬದಲಿಗೆ ಬಂದ ಒಪ್ಪಂದದಲ್ಲೂ ನೆಲ ಉಳಿಯಲಿಲ್ಲ.

ಈ ಹಳೆಯ ಕಾಗದಗಳಿಗೆ ಈಗ ಕಾನೂನಿನ ಬೆಲೆ ಇದೆಯೇ?

1836ರಲ್ಲಿ ಬಹುಪಾಲು ಕ್ರೀಕರನ್ನು ಮಿಸಿಸಿಪ್ಪಿಯ ಪಶ್ಚಿಮಕ್ಕೆ ಹೊರಹಾಕಿದರು. ಮಸ್ಕೋಗಿ ನೇಷನ್‌ನ ರಾಜಧಾನಿ ಈಗ ಒಕ್ಲಹೋಮಾದ ಒಕ್ಮಲ್ಗಿ, ಬಿಟ್ಟುಬಂದ ನದಿಯ ಹೆಸರೇ. 2020ರ ಜುಲೈ 9ರಂದು ಮೆಕ್‌ಗರ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, 19ನೇ ಶತಮಾನದ ಒಪ್ಪಂದಗಳು ಕೊಟ್ಟ ಮೀಸಲು ನೆಲವನ್ನು ಕಾಂಗ್ರೆಸ್ ಎಂದೂ ರದ್ದು ಮಾಡಿಲ್ಲ, ಆದ್ದರಿಂದ ಗಂಭೀರ ಅಪರಾಧಗಳ ವಿಚಾರಣೆಗೆ ಅದು ಇಂದಿಗೂ ಮಸ್ಕೋಗಿ ನೆಲವೇ ಎಂದು ತೀರ್ಪಿತ್ತಿತು. ಅಲ್ಲಿ ಆಧಾರವಾದವು 1832ರ ಮತ್ತು ಅದರ ನಂತರದ ಒಪ್ಪಂದಗಳು, 1790ರದ್ದಲ್ಲ.

ಮೂಲ ಒಪ್ಪಂದ ಓದುವಾಗ ಮೊದಲು ಏನು ನೋಡಬೇಕು?

ಗಡಿಯ ಕಲಂ ಅಲ್ಲ, ಕೊನೆಯ ಸಹಿಗಳ ಪಟ್ಟಿ. ಯಾವ ಯಾವ ಊರಿನ ಹೆಸರಿದೆ, ಮೇಲಿನವೇ ಕೆಳಗಿನವೇ, ಕೊವೆಟಾ ಮತ್ತು ಟಕಬಾಚಿಯಂಥ ದೊಡ್ಡ ಊರುಗಳಿವೆಯೇ ನೋಡಿ. ದುಭಾಷಿ ಯಾರು, ಸಾಕ್ಷಿಗಳು ಯಾರ ಕಡೆಯವರು ನೋಡಿ. ಆಮೇಲೆ ಹಣದ ಕಲಂಗೆ ಬನ್ನಿ: ನಗದೆಷ್ಟು, ಸರಕೆಷ್ಟು, ಸಾಲಕ್ಕೆ ಕಳೆದದ್ದೆಷ್ಟು ಎಂದು ಬೇರೆಬೇರೆ ಬರೆದುಕೊಳ್ಳಿ. ಹೆಸರುಗಳ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ರೀತಿ ಇರುತ್ತದೆ. ಹೊಬೊಯಿಥ್ಲೆ, ಹೊಪೊಥ್ಲೆ, ಟಾಲಸೀ ರಾಜ ಮೂರೂ ಒಬ್ಬನೇ. ಮಿಕೊ, ತಸ್ತನಗ್ಗಿ, ಹಾಜೊ ಎಂಬವು ಬಿರುದುಗಳಾದ್ದರಿಂದ ಹತ್ತಾರು ಜನರ ಹೆಸರಿನಲ್ಲಿ ಬರುತ್ತವೆ. ಊರಿನ ಹೆಸರನ್ನೂ ಜತೆಗೆ ಹಿಡಿದುಕೊಂಡರೆ ಮಾತ್ರ ಇವನು ಅವನೇ ಎಂದು ಹೇಳಲು ಸಾಧ್ಯ.